ಬದಲಿಸುವ ಮುನ್ನ ಬಿಚ್ಚಿ ನೋಡಬೇಕು

ಬೈಕಿನ ಸೆಲ್ಫ್ ಬಟನ್ ಒತ್ತಿದಾಗ ಸೀಟಿನ ಕೆಳಗೆಲ್ಲೋ ‘ಟಕ್’ ಎಂದು ಒಂದೇ ಸದ್ದು ಬಂದು ಎಂಜಿನ್ ಮಿಸುಕದಿದ್ದರೆ, ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ‘ಮೋಟಾರ್ ಹೋಗಿದೆ, ಸೆಟ್ ಹಾಕಬೇಕು’ ಎಂಬುದು. ಸೆಟ್ ಎಂದರೆ ಇಡೀ ಸ್ಟಾರ್ಟರ್ ಮೋಟಾರ್. ಅದರ ಬೆಲೆ ಸಾವಿರಗಳ ಲೆಕ್ಕದ್ದು. ಆದರೆ ಆ ಮೋಟಾರಿನೊಳಗೆ ನಿಜಕ್ಕೂ ಸವೆದಿರುವುದು ಎಷ್ಟೋ ಸಲ ಉಗುರಿನಗಲದ ಒಂದೆರಡು ಕಾರ್ಬನ್ ಬ್ರಷ್‌ಗಳು ಮಾತ್ರ. ಇನ್ನು ಕೆಲವು ಸಲ ಮೋಟಾರಿಗೆ ಏನೂ ಆಗಿರುವುದಿಲ್ಲ, ಬ್ಯಾಟರಿಯ ಟರ್ಮಿನಲ್ ಸಡಿಲವಾಗಿರುತ್ತದೆ ಅಥವಾ ಅರ್ತ್ ವೈರಿನ ಬುಡದಲ್ಲಿ ತುಕ್ಕು ಕೂತಿರುತ್ತದೆ. ಅಂಥ ಬೈಕಿಗೆ ಹೊಸ ಮೋಟಾರ್ ಕೂರಿಸುವುದು ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ. ಸ್ಟಾರ್ಟರ್ ಮೋಟಾರನ್ನು ಬದಲಿಸುವ ಮೊದಲು ಪರೀಕ್ಷಿಸಬೇಕು, ಕಳಚಿ ಒಳಗೆ ನೋಡಬೇಕು, ಸವೆದದ್ದನ್ನಷ್ಟೇ ಬದಲಿಸಬೇಕು. ಹಾಗೆ ಮಾಡಲು ಬೇಕಾದ ಸಣ್ಣ ಬಿಡಿಭಾಗ ಮತ್ತು ಮಾಹಿತಿಯನ್ನು ಎಲ್ಲ ಮೆಕ್ಯಾನಿಕ್‌ಗಳಿಗೂ ಒದಗಿಸುವುದು ಬೈಕ್ ಕಂಪನಿಗಳ ಕಾನೂನುಬದ್ಧ ಹೊಣೆಯಾಗಬೇಕು. ಈ ಲೇಖನದ ವಾದ ಇಷ್ಟೇ. ಒಂದು ಸಣ್ಣ ಮೋಟಾರಿನ ಮೇಲೆ ಇಷ್ಟು ಭಾರ ಹೊರಿಸುವುದೇಕೆ ಎಂದು ಕೇಳಬಹುದು. ದೇಶದಲ್ಲಿ ನೋಂದಣಿಯಾದ ವಾಹನಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ದ್ವಿಚಕ್ರ ವಾಹನಗಳು. ನಮ್ಮಲ್ಲಿ ರಿಪೇರಿ ಎಂದರೆ ಜನಸಾಮಾನ್ಯರಿಗೆ ಮೊದಲು ನೆನಪಾಗುವುದೇ ಬೈಕ್ ಗ್ಯಾರೇಜು. ಅಲ್ಲಿ ಏನಾಗುತ್ತದೆ ಎಂಬುದು ಸಣ್ಣ ವಿಷಯವಲ್ಲ.

ಮೊದಲು, ಈ ಪ್ರಶ್ನೆ ಈಗ ಯಾಕೆ ಗಂಭೀರವಾಯಿತು ಎಂಬುದನ್ನು ನೋಡಬೇಕು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತ್ತು. ಆದರೆ ಭಾರತದ ದ್ವಿಚಕ್ರ ವಾಹನಗಳ ಮಟ್ಟಿಗೆ ಅದು ಬಹುಕಾಲ ದೂರದ ಮಾತಾಗಿಯೇ ಉಳಿಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ದಿಗಳೆಲ್ಲ ಕಾಲಿನಲ್ಲಿ ಕಿಕ್ ಹೊಡೆದು ಚಾಲೂ ಮಾಡುವ ಬೈಕುಗಳು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರು ಬಟನ್ ಒತ್ತಿ ಹೊರಡುವ ಸುಖವನ್ನು ಮಧ್ಯಮ ವರ್ಗಕ್ಕೆ ಪರಿಚಯಿಸಿತು. ಆಮೇಲೂ ಎಷ್ಟೋ ವರ್ಷ ಸೆಲ್ಫ್ ಎಂಬುದು ದುಡ್ಡು ಹೆಚ್ಚು ಕೊಟ್ಟರೆ ಸಿಗುವ ಸೌಲಭ್ಯವಾಗಿತ್ತೇ ಹೊರತು ಅನಿವಾರ್ಯವಾಗಿರಲಿಲ್ಲ. ಸೆಲ್ಫ್ ಕೈಕೊಟ್ಟರೆ ಕಿಕ್ ಇತ್ತು, ಬ್ಯಾಟರಿ ಸತ್ತರೂ ಬೈಕ್ ಮನೆ ಸೇರುತ್ತಿತ್ತು. ಈಗ ಹಲವು ಮಾಡೆಲ್‌ಗಳಲ್ಲಿ ಕಿಕ್ ಲಿವರ್ ಮಾಯವಾಗಿದೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಉರಿಯಬೇಕೆಂಬ ನಿಯಮ ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಯಾದ ಮೇಲೆ ಫ್ಯೂಯಲ್ ಇಂಜೆಕ್ಷನ್ ಸಾಮಾನ್ಯವಾಯಿತು. ಪೆಟ್ರೋಲ್ ಪಂಪಿಗೂ ಕರೆಂಟು, ಎಂಜಿನ್ ನಿಯಂತ್ರಿಸುವ ಇಸಿಯುಗೂ ಕರೆಂಟು, ಸ್ಟಾರ್ಟರಿಗಂತೂ ಕರೆಂಟು. ಗೇರ್ ಇರುವ ಬೈಕಾದರೆ ಇಳಿಜಾರಿನಲ್ಲಿ ತಳ್ಳಿ ಕ್ಲಚ್ ಬಿಟ್ಟು ಎಬ್ಬಿಸಬಹುದು. ಸ್ಕೂಟರಿನಲ್ಲಿ ಅದೂ ಆಗದು. ಅದರ ಕ್ಲಚ್ ಹಿಡಿಯುವುದು ಎಂಜಿನ್ ತಿರುಗಿದ ಮೇಲೆಯೇ, ಎಷ್ಟು ತಳ್ಳಿದರೂ ಚಕ್ರದ ತಿರುಗು ಎಂಜಿನ್‌ಗೆ ಮುಟ್ಟುವುದಿಲ್ಲ. ಊಟದ ಪಾರ್ಸೆಲ್ ತಲುಪಿಸಿ ಬದುಕುವವರಿಗೆ, ಹಾಲು ಹಾಕುವವರಿಗೆ, ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಡ್ಯೂಟಿಗೆ ಹೋಗುವ ನರ್ಸ್‌ಗೆ ಈ ಮೋಟಾರ್ ನಿಂತರೆ ಆ ದಿನವೇ ನಿಂತಂತೆ. ಒಂದು ಬಿಡಿಭಾಗ ಸೌಲಭ್ಯದಿಂದ ಅನಿವಾರ್ಯವಾಗಿ ಬದಲಾದಾಗ, ಅದನ್ನು ಸುಲಭವಾಗಿ ಸರಿಪಡಿಸಿಕೊಳ್ಳುವ ದಾರಿಯೂ ಅದರ ಜೊತೆಗೇ ಬರಬೇಕಿತ್ತು. ನಮ್ಮಲ್ಲಿ ಅದು ಬರಲಿಲ್ಲ.

ಪರೀಕ್ಷೆಯಿಂದಲೇ ಶುರುಮಾಡೋಣ, ಏಕೆಂದರೆ ಬದಲಿಸುವ ಆತುರ ಮೊದಲು ನುಂಗುವುದು ಅದನ್ನೇ. ಬಟನ್ ಒತ್ತಿದಾಗ ಬರುವ ಸದ್ದೇ ಅರ್ಧ ವಿಷಯ ಹೇಳಿಬಿಡುತ್ತದೆ. ಟಟಟಟ ಎಂದು ಬಡಿದುಕೊಂಡರೆ ಬ್ಯಾಟರಿಯಲ್ಲಿ ಶಕ್ತಿಯಿಲ್ಲ ಅಥವಾ ಟರ್ಮಿನಲ್ ಸಡಿಲವಾಗಿದೆ: ಮೋಟಾರಿಗೆ ಕರೆಂಟು ಬಿಡುವ ರಿಲೇ ಹಿಡಿಯುತ್ತದೆ, ಮೋಟಾರ್ ಎಳೆದ ಕೂಡಲೇ ವೋಲ್ಟೇಜ್ ಕುಸಿದು ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸದ್ದೇ ಇಲ್ಲವೆಂದರೆ ಫ್ಯೂಸ್, ಕಿಲ್ ಸ್ವಿಚ್, ಕ್ಲಚ್ ಲಿವರಿನ ಸ್ವಿಚ್ ಅಥವಾ ಸೈಡ್ ಸ್ಟ್ಯಾಂಡಿನ ಸೆನ್ಸರ್ ನೋಡಬೇಕು. ಮೋಟಾರ್ ಗುರ್ ಎಂದು ತಿರುಗಿ ಎಂಜಿನ್ ತಿರುಗದಿದ್ದರೆ ದೋಷ ಮೋಟಾರಿನದಲ್ಲ, ಅದರ ತಿರುಗನ್ನು ಎಂಜಿನ್‌ಗೆ ದಾಟಿಸುವ ಒನ್-ವೇ ಕ್ಲಚ್ಚಿನದು. ಒಂದೇ ಒಂದು ‘ಟಕ್’ ಬಂದರೆ ಮಾತ್ರ ಮೋಟಾರಿನ ಮೇಲೆ ಅನುಮಾನ ಪಡಲು ಕಾರಣವಿದೆ. ಆಗಲೂ ಒಂದು ಮಲ್ಟಿಮೀಟರ್ ಸಾಕು. ಚಾರ್ಜ್ ಆಗಿರುವ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. ಬಟನ್ ಒತ್ತಿ ಹಿಡಿದಾಗ ಅದು 10 ವೋಲ್ಟಿಗಿಂತ ತೀರಾ ಕೆಳಗೆ ಬಿದ್ದರೆ ಬ್ಯಾಟರಿ ದುರ್ಬಲವಾಗಿದೆ, ಇಲ್ಲವೇ ಮೋಟಾರ್ ಜಾಮ್ ಆಗಿ ಕರೆಂಟನ್ನು ಸುಮ್ಮನೆ ಹೀರುತ್ತಿದೆ. ಟಕ್ ಎಂದ ಮೇಲೂ ಮೀಟರಿನ ಅಂಕಿ ಅಲುಗಾಡದಿದ್ದರೆ ಕರೆಂಟು ಹರಿಯುತ್ತಲೇ ಇಲ್ಲ ಎಂದರ್ಥ. ರಿಲೇಯ ಒಳಗಿನ ಸಂಪರ್ಕ ಸುಟ್ಟಿದೆ ಅಥವಾ ಮೋಟಾರಿನ ಬ್ರಷ್‌ಗಳು ಸವೆದು ತಾಮ್ರವನ್ನು ಮುಟ್ಟುತ್ತಿಲ್ಲ. ಬಟನ್ ಒತ್ತಿ ಹಿಡಿದೇ ಮೋಟಾರಿನ ಟರ್ಮಿನಲ್ಲಿಗೆ ಮೀಟರಿನ ಕಡ್ಡಿ ಇಟ್ಟರೆ ಈ ಎರಡರಲ್ಲಿ ಯಾವುದು ಎಂಬುದೂ ಇತ್ಯರ್ಥ. ಇಷ್ಟಕ್ಕೆಲ್ಲ ಕಾಲು ಗಂಟೆ ಬೇಕಾಗದು. ಈ ಕಾಲು ಗಂಟೆಯನ್ನು ಉಳಿಸಲು ಹೋಗಿ ಗ್ರಾಹಕರ ಜೇಬಿನಿಂದ ಸಾವಿರಗಳನ್ನು ತೆಗೆಸುವುದು ರಿಪೇರಿಯಲ್ಲ, ಊಹೆಯ ಮೇಲಿನ ವ್ಯಾಪಾರ.

ಪರೀಕ್ಷೆಯಲ್ಲಿ ಮೋಟಾರೇ ಕಾರಣವೆಂದು ಗೊತ್ತಾದರೆ ಅದನ್ನು ಕಳಚಬೇಕು. ಇದು ಕಷ್ಟದ ಕೆಲಸವಲ್ಲ, ಆದರೆ ಕ್ರಮ ತಪ್ಪಿದರೆ ಹಾನಿಯಾಗುವ ಕೆಲಸ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಬೇಕು, ಏಕೆಂದರೆ ಪಾಸಿಟಿವ್ ಕಡೆ ಸ್ಪ್ಯಾನರ್ ಹಾಕಿದಾಗ ಅದು ಅಪ್ಪಿತಪ್ಪಿ ಚಾಸಿಗೆ ತಗಲಿದರೂ ಕಿಡಿ ಹಾರಬಾರದು. ಸ್ಟಾರ್ಟರಿನ ದಾರಿಯಲ್ಲಿ ಹತ್ತಾರು ಆಂಪಿಯರ್ ಹರಿಯುತ್ತದೆ, ತಿರುಗಲು ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಸ್ಪ್ಯಾನರನ್ನೇ ಕಾಯಿಸಿ ಕೈ ಸುಡುವಷ್ಟು ಕರೆಂಟು ಅದು. ಮೋಟಾರಿನ ಮೇಲೆ ರಬ್ಬರ್ ಟೋಪಿಯ ಕೆಳಗೆ ಕೇಬಲ್ ಹಿಡಿದಿರುವ ನಟ್ಟು ಇರುತ್ತದೆ. ಅದನ್ನು ತಿರುಗಿಸುವಾಗ ಬುಡದ ನಟ್ಟನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಬೇಕು. ಇಲ್ಲದಿದ್ದರೆ ಟರ್ಮಿನಲ್ಲಿನ ಕಂಬವೇ ತಿರುಗಿ ಒಳಗಿನ ಇನ್ಸುಲೇಷನ್ ಒಡೆಯುತ್ತದೆ. ಚೆನ್ನಾಗಿದ್ದ ಮೋಟಾರುಗಳು ಗ್ಯಾರೇಜಿನಲ್ಲೇ ಸಾಯುವುದು ಹೀಗೆ. ಆಮೇಲೆ ಮೋಟಾರನ್ನು ಎಂಜಿನ್‌ಗೆ ಕಟ್ಟಿರುವ ಬೋಲ್ಟುಗಳು. ಬಹಳಷ್ಟು ಬೈಕುಗಳಲ್ಲಿ ಎರಡೇ. ಬೋಲ್ಟು ಬಿಚ್ಚಿದ ಕೂಡಲೇ ಮೋಟಾರ್ ಕೈಗೆ ಬರುವುದಿಲ್ಲ. ಅದರ ಮೂತಿಯಲ್ಲಿರುವ ಓ-ರಿಂಗ್ ಎಂಜಿನ್ ಕವಚವನ್ನು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು, ಅಲ್ಯೂಮಿನಿಯಂ ಅಂಚು ಗಾಯಗೊಂಡರೆ ಆಯಿಲ್ ಸೋರುತ್ತದೆ. ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತ ಎಳೆದರೆ ಬರುತ್ತದೆ. ಬಂದ ಮೇಲೆ ಆ ತೂತಿಗೆ ಶುದ್ಧವಾದ ಬಟ್ಟೆ ತುರುಕಬೇಕು. ಹಲವು ಎಂಜಿನ್‌ಗಳಲ್ಲಿ ಆ ತೂತು ನೇರವಾಗಿ ಒಳಗಿನ ಗೇರುಗಳ ಕಡೆಗೆ ತೆರೆದುಕೊಂಡಿರುತ್ತದೆ, ಅಲ್ಲಿ ಬಿದ್ದ ಮರಳಿನ ಕಣವನ್ನು ಹೊರತೆಗೆಯುವುದು ಮೋಟಾರ್ ಕಳಚಿದಷ್ಟು ಸುಲಭವಲ್ಲ.

ಒಳಗಿನ ನೋಟವೇ ಈ ವಾದದ ಮುಖ್ಯ ಸಾಕ್ಷಿ. ಮೋಟಾರಿನ ಉದ್ದನೆಯ ಸ್ಕ್ರೂಗಳನ್ನು ಬಿಚ್ಚುವ ಮುನ್ನ ಎರಡೂ ಮುಚ್ಚಳ ಮತ್ತು ನಡುವಿನ ಡಬ್ಬದ ಮೇಲೆ ಒಂದು ಗೆರೆ ಎಳೆದಿಟ್ಟುಕೊಂಡರೆ ಮರುಜೋಡಣೆಯಲ್ಲಿ ತಪ್ಪುವುದಿಲ್ಲ. ಒಳಗೆ ತಿರುಗುವ ಭಾಗವಾದ ಆರ್ಮೇಚರಿನ ಎರಡು ತುದಿಗಳಲ್ಲಿ ತೆಳ್ಳನೆಯ ವಾಷರುಗಳಿರುತ್ತವೆ. ಯಾವ ತುದಿಯಲ್ಲಿ ಎಷ್ಟು, ಯಾವ ಕ್ರಮದಲ್ಲಿ ಎಂದು ಬರೆದಿಡುವುದು ಒಳ್ಳೆಯ ಮೆಕ್ಯಾನಿಕ್‌ನ ಲಕ್ಷಣ. ಒಳಗೆ ಕರಿ ಪುಡಿ ಕಾಣುತ್ತದೆ. ಅದು ಬ್ರಷ್ ಸವೆದು ಬಿದ್ದದ್ದು. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟೇ ಬ್ರಷ್‌ನಲ್ಲೂ ಇರುತ್ತದೆ, ಜೊತೆಗೆ ತಾಮ್ರದ ಪುಡಿ. ತಿರುಗುವ ತಾಮ್ರದ ಪಟ್ಟಿಗಳಿಗೆ, ಅಂದರೆ ಕಮ್ಯುಟೇಟರಿಗೆ, ಸ್ಪ್ರಿಂಗಿನ ಒತ್ತಡದಲ್ಲಿ ಉಜ್ಜುತ್ತಾ ಕರೆಂಟು ದಾಟಿಸುವುದು ಅದರ ಕೆಲಸ. ತಾಮ್ರದ ಪಟ್ಟಿ ಉಳಿಯಲಿ ಎಂದೇ ಬ್ರಷ್ ಸವೆಯುವಂತೆ ಎಂಜಿನಿಯರುಗಳು ಅದನ್ನು ರೂಪಿಸಿದ್ದಾರೆ. ಸವೆಯಬೇಕಾದ್ದು ಸವೆದಿದೆ. ಅದಕ್ಕಾಗಿ ತಾಮ್ರದ ಸುರುಳಿ, ಉಕ್ಕಿನ ತಿರುಳು, ಅಯಸ್ಕಾಂತ, ಬೇರಿಂಗು, ಅಲ್ಯೂಮಿನಿಯಂ ಮುಚ್ಚಳ ಎಲ್ಲವನ್ನೂ ಗುಜರಿಗೆ ಹಾಕಲು ಯಾವ ತಾಂತ್ರಿಕ ಕಾರಣವೂ ಇಲ್ಲ. ಬ್ರಷ್‌ನ ಉದ್ದ ಎಷ್ಟಕ್ಕೆ ಇಳಿದರೆ ಬದಲಿಸಬೇಕು ಎಂಬ ಅಳತೆ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಇರುತ್ತದೆ. ಅಳತೆ ಕೊಟ್ಟಿದ್ದಾರೆ ಎಂಬುದೇ ಅದು ಬದಲಿಸಬಹುದಾದ ಭಾಗ ಎಂಬುದಕ್ಕೆ ತಯಾರಕರ ಸ್ವಂತ ಸಾಕ್ಷ್ಯ. ಕಮ್ಯುಟೇಟರಿನ ತಾಮ್ರ ಕಪ್ಪಾಗಿದ್ದರೆ ನುಣುಪಾದ ಉಪ್ಪುಕಾಗದದಿಂದ ಹದವಾಗಿ ತಿಕ್ಕಿ, ಪಟ್ಟಿಗಳ ನಡುವಿನ ಸಂದಿಯಲ್ಲಿ ಕೂತ ಕಾರ್ಬನ್ ಪುಡಿಯನ್ನು ತೆಗೆಯುತ್ತಾರೆ. ಆಮೇಲೆ ಮತ್ತೆ ಮೀಟರು: ತಾಮ್ರದ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸಂಪರ್ಕ ಇರಬೇಕು, ಪಟ್ಟಿಯಿಂದ ಶಾಫ್ಟಿಗೆ ಇರಬಾರದು. ಈ ಎರಡರಲ್ಲಿ ಆರ್ಮೇಚರ್ ಪಾಸಾದರೆ ಮೋಟಾರಿಗೆ ಇನ್ನೂ ಆಯಸ್ಸಿದೆ. ಫೇಲಾದರೆ, ಅಥವಾ ತಾಮ್ರದ ಪಟ್ಟಿಗಳೇ ಮಿತಿ ಮೀರಿ ಸವೆದಿದ್ದರೆ, ಅಯಸ್ಕಾಂತ ಒಡೆದಿದ್ದರೆ, ಹೊಸ ಮೋಟಾರ್ ಹಾಕಿಸುವುದೇ ಸರಿ. ಬದಲಿಸಲೇಬಾರದು ಎಂದು ಯಾರೂ ಹೇಳುತ್ತಿಲ್ಲ. ಬದಲಿಸುವ ತೀರ್ಮಾನ ಅಳತೆಯಿಂದ ಬರಬೇಕು.

ಮರಳಿ ಕೂರಿಸುವುದರಲ್ಲೂ ಎಚ್ಚರ ಬೇಕು. ಹೊಸ ಓ-ರಿಂಗಿಗೆ ತುಸು ಆಯಿಲ್ ಸವರಬೇಕು. ಮೋಟಾರ್ ಎಂಜಿನ್ನಿಗೆ ತಾಗುವ ಜಾಗ ಬಣ್ಣ, ತುಕ್ಕು ಇಲ್ಲದೆ ಬರಿಲೋಹವಾಗಿರಬೇಕು, ಏಕೆಂದರೆ ಕರೆಂಟು ಬ್ಯಾಟರಿಗೆ ಮರಳುವುದು ಅದೇ ದಾರಿಯಲ್ಲಿ. ಬೋಲ್ಟನ್ನು ಬಲಪ್ರದರ್ಶನ ಮಾಡಿ ಬಿಗಿದರೆ ಅಲ್ಯೂಮಿನಿಯಂನಲ್ಲಿ ಥ್ರೆಡ್ ಹೋಗುತ್ತದೆ. ಬ್ಯಾಟರಿಗೆ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಅಷ್ಟೇ.

ಇಷ್ಟು ಸ್ಪಷ್ಟವಾದ ಕೆಲಸ ಯಾಕೆ ನಡೆಯುತ್ತಿಲ್ಲ? ಮೆಕ್ಯಾನಿಕ್‌ಗಳು ಸೋಮಾರಿಗಳು ಎಂಬ ಉತ್ತರ ಅನ್ಯಾಯದ್ದು. ಸರ್ವಿಸ್ ಸೆಂಟರಿನಲ್ಲಿ ಒಬ್ಬರು ದಿನಕ್ಕೆ ಇಂತಿಷ್ಟು ಗಾಡಿ ಮುಗಿಸಬೇಕು. ಮೋಟಾರ್ ಬಿಚ್ಚಿ, ಒರೆಸಿ, ಅಳೆದು, ಜೋಡಿಸಿದ ಹೊತ್ತಿಗೆ ಬಿಲ್ಲಿನಲ್ಲಿ ಸಿಗುವ ಕೂಲಿ ಕಡಿಮೆ. ಹೊಸ ಸೆಟ್ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಬಿಡಿಭಾಗದ ಮೇಲೆ ಡೀಲರಿಗೆ ಲಾಭವೂ ಸಿಗುತ್ತದೆ. ನಾಳೆ ಗ್ರಾಹಕರು ಮರಳಿ ಬಂದು ಜಗಳ ಮಾಡುವ ಭಯವೂ ಇಲ್ಲ. ಹೊರಗಿನ ಗ್ಯಾರೇಜಿನ ಕಷ್ಟ ಬೇರೆ ತರಹದ್ದು. ಅಲ್ಲಿ ಬಿಚ್ಚುವ ಮನಸ್ಸಿದೆ, ಕೈಯೂ ಪಳಗಿದೆ. ‘ಡೈನಮೊ, ಸೆಲ್ಫ್, ಬ್ಯಾಟರಿ’ ಎಂದು ಬೋರ್ಡು ಹಾಕಿಕೊಂಡ ಆಟೋ ಎಲೆಕ್ಟ್ರಿಕಲ್ ಅಂಗಡಿ ನಮ್ಮ ಯಾವ ತಾಲ್ಲೂಕು ಕೇಂದ್ರದಲ್ಲಿಲ್ಲ? ಆದರೆ ಅವರಿಗೆ ಆ ಮಾಡೆಲ್ಲಿನ ಬ್ರಷ್ ಸೆಟ್ ಬಿಡಿಯಾಗಿ ಸಿಗಬೇಕಲ್ಲ. ಕಂಪನಿಯ ಬಿಡಿಭಾಗಗಳ ಪಟ್ಟಿಯಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಮೋಟಾರ್ ಎಂಬುದು ಒಂದೇ ನಂಬರು. ಅದರ ಒಳಗಿನ ಬ್ರಷ್, ಬ್ರಷ್ ಪ್ಲೇಟ್, ಸೀಲ್‌ಗಳಿಗೆ ನಂಬರೇ ಇಲ್ಲ. ನಂಬರು ಇಲ್ಲದ ವಸ್ತುವನ್ನು ಕೇಳುವುದು ಹೇಗೆ? ಆಗ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಹೆಚ್ಚುಕಡಿಮೆ ಅದೇ ಅಳತೆಯ ಇನ್ನಾವುದೋ ಬ್ರಷ್ ತಂದು, ಅರದಿಂದ ಉಜ್ಜಿ, ಹೊಂದಿಸಿಕೊಳ್ಳಬೇಕು. ಅದು ಮೆಕ್ಯಾನಿಕ್‌ಗಳ ಜಾಣ್ಮೆ ನಿಜ. ಆದರೆ ಸಿಗಬೇಕಾದ ಸಾಮಾನು ಸಿಗದ್ದರಿಂದ ಅವರು ಹೊರಬೇಕಾಗಿ ಬಂದ ಹೊರೆ ಎಂಬುದೂ ಅಷ್ಟೇ ನಿಜ.

ಇದನ್ನು ಮಾರುಕಟ್ಟೆಯೇ ಸರಿಮಾಡಿಕೊಳ್ಳುತ್ತದೆ ಎನ್ನುವವರಿಗೆ ನಮ್ಮದೇ ದೇಶದ ಒಂದು ತೀರ್ಪು ಉತ್ತರ ಕೊಡುತ್ತದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಅಸಲಿ ಬಿಡಿಭಾಗ, ಪರೀಕ್ಷಾ ಸಾಧನ ಮತ್ತು ತಾಂತ್ರಿಕ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಗ್ರಾಹಕರನ್ನು ತಮ್ಮ ಜಾಲಕ್ಕೇ ಕಟ್ಟಿಹಾಕಿದ್ದಾರೆ ಎಂಬುದು ಆಯೋಗ ಕಂಡುಕೊಂಡ ಸಂಗತಿ. ಕಾರು ಕೊಳ್ಳುವಾಗ ಹತ್ತು ಕಂಪನಿಗಳ ನಡುವೆ ಆಯ್ಕೆ ಇರಬಹುದು. ಕೊಂಡ ಮೇಲೆ ಅದರ ಬಿಡಿಭಾಗಕ್ಕೆ ಆ ಒಂದೇ ಕಂಪನಿ ಗತಿ. ಸ್ಪರ್ಧೆ ಇರುವುದು ಶೋರೂಮಿನ ಬಾಗಿಲವರೆಗೆ ಮಾತ್ರ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎನ್ನುವಂಥ ಷರತ್ತನ್ನೂ ಆಯೋಗ ಒಪ್ಪಲಿಲ್ಲ. ಆ ಆದೇಶ ಮೇಲ್ಮನವಿ, ಕೋರ್ಟುಗಳ ದಾರಿ ಹಿಡಿಯಿತು, ಆದರೆ ಅದರ ತರ್ಕ ಇಂದಿಗೂ ಗಟ್ಟಿಯಾಗಿದೆ. ಅದು ಕಾರುಗಳ ಪ್ರಕರಣವಾಗಿತ್ತು. ಅದೇ ತರ್ಕ ಬೈಕುಗಳಿಗೆ ಇನ್ನೂ ಹೆಚ್ಚು ಒಪ್ಪುತ್ತದೆ, ಏಕೆಂದರೆ ಬೈಕ್ ಮಾಲೀಕರ ಜೇಬು ಇನ್ನೂ ಸಣ್ಣದು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ಉಪಕರಣ, ವಾಹನ ಎಂಬ ನಾಲ್ಕು ವಲಯಗಳನ್ನು ಗುರುತಿಸಿ, ಅದೇ ಡಿಸೆಂಬರಿನಲ್ಲಿ ರಿಪೇರಿ ಮಾಹಿತಿಯ ಪೋರ್ಟಲ್ ಕೂಡ ತೆರೆಯಿತು. ಒಳ್ಳೆಯ ಹೆಜ್ಜೆಯೇ. ಆದರೆ ಪೋರ್ಟಲ್ಲಿಗೆ ಸೇರುವುದೂ ಅಲ್ಲಿ ಏನು ಹಾಕಬೇಕೆಂಬುದೂ ಕಂಪನಿಗಳ ಇಚ್ಛೆಗೆ ಬಿಟ್ಟ ವಿಷಯವಾಗಿದೆ. ಆಮೇಲೆ, ಒಂದು ವಸ್ತುವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂದು ಅಳೆಯುವ ‘ರಿಪೇರಿ ಸೂಚ್ಯಂಕ’ಕ್ಕಾಗಿ ರೂಪುಗೊಂಡ ಸಮಿತಿ 2025ರ ಮೇನಲ್ಲಿ ವರದಿ ಕೊಟ್ಟಿತು. ಅದರ ವ್ಯಾಪ್ತಿ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳು, ಬೈಕು ಅಲ್ಲ.

ಹೊರದೇಶಗಳಲ್ಲಿ ಬೈಕುಗಳಿಗೇ ಅನ್ವಯಿಸುವ ನಿಯಮಗಳಿವೆ. ಯುರೋಪಿಯನ್ ಒಕ್ಕೂಟ 2013ರಲ್ಲಿ ರೂಪಿಸಿ 2016ರಿಂದ ಜಾರಿಗೆ ತಂದ ದ್ವಿಚಕ್ರ, ತ್ರಿಚಕ್ರ ವಾಹನಗಳ ನಿಯಮಾವಳಿಯಲ್ಲಿ, ರಿಪೇರಿ ಮತ್ತು ನಿರ್ವಹಣೆಯ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ತಾರತಮ್ಯವಿಲ್ಲದೆ ಕೊಡಬೇಕೆಂದು ಬರೆದಿದೆ. ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ 2022ರಲ್ಲಿ ಹಾರ್ಲಿ ಡೇವಿಡ್‌ಸನ್ ಮೇಲೆಯೇ ಕ್ರಮ ಕೈಗೊಂಡು, ಹೊರಗಿನ ಬಿಡಿಭಾಗ ಬಳಸಿದರೆ ವಾರಂಟಿ ಇಲ್ಲ ಎಂಬರ್ಥದ ಷರತ್ತುಗಳನ್ನು ತೆಗೆಸಿತು. ಪುಣೆ ಬಳಿಯ ಚಾಕಣ್‌ನಲ್ಲಿ ತಯಾರಾದ ಕೆಟಿಎಂ ಬೈಕುಗಳು ಯುರೋಪಿನಲ್ಲೂ ಮಾರಾಟವಾಗುತ್ತವೆ. ಅಲ್ಲಿನ ಗ್ಯಾರೇಜಿಗೆ ಕಾನೂನಿನ ಬಲದಿಂದ ಸಿಗುವ ಮಾಹಿತಿ, ಅದೇ ಬೈಕ್ ತಯಾರಿಸಿದ ದೇಶದ ಗ್ಯಾರೇಜಿಗೆ ಹಕ್ಕಾಗಿ ಸಿಗದಿರುವುದಕ್ಕೆ ಸಮರ್ಥನೆ ಏನಿದೆ? ಮಾಹಿತಿ ಸಿದ್ಧವಾಗಿಯೇ ಇದೆ, ಹೊಸದಾಗಿ ಬರೆಯಬೇಕಾಗಿಲ್ಲ.

ಆಕ್ಷೇಪಣೆಗಳಲ್ಲಿ ತೂಕವಿರುವುದು ಗುಣಮಟ್ಟದ್ದು. ರಿಪೇರಿ ಮಾಡಿದ ಮೋಟಾರ್ ನಡುರಸ್ತೆಯಲ್ಲಿ ಮತ್ತೆ ಕೈಕೊಟ್ಟರೆ ಯಾರು ಹೊಣೆ? ಡೂಪ್ಲಿಕೇಟ್ ಬ್ರಷ್ ಹಾಕಿದರೆ ಕಮ್ಯುಟೇಟರೇ ಹಾಳಾಗುವುದಿಲ್ಲವೇ? ಆಗುತ್ತದೆ. ಬ್ರಷ್‌ನ ಗಡಸುತನ, ಅದರಲ್ಲಿನ ತಾಮ್ರದ ಪ್ರಮಾಣ, ಸ್ಪ್ರಿಂಗಿನ ಬಿಗಿ ಇವು ಒಂದಕ್ಕೊಂದು ಹೊಂದಬೇಕು. ಗಡಸಾದ ಬ್ರಷ್ ತಾಮ್ರವನ್ನು ಕೆರೆಯುತ್ತದೆ, ತೀರಾ ಮೆತ್ತಗಿನದು ಬೇಗ ಪುಡಿಯಾಗಿ ಸಂದಿ ತುಂಬುತ್ತದೆ. ಆದರೆ ಈ ಆಕ್ಷೇಪಣೆ ಸಾಗುವ ದಿಕ್ಕನ್ನು ಗಮನಿಸಿ. ಅಸಲಿ ಬ್ರಷ್ ಬಿಡಿಯಾಗಿ, ನ್ಯಾಯವಾದ ಬೆಲೆಗೆ ಸಿಕ್ಕರೆ ಡೂಪ್ಲಿಕೇಟ್ ಹುಡುಕುವವರು ಯಾರು? ನಕಲಿ ಮಾರುಕಟ್ಟೆಯನ್ನು ಬೆಳೆಸುವುದು ಅಸಲಿಯ ಅಭಾವ. ಅಸಲಿಯನ್ನು ಕೊಡದೆ ನಕಲಿಯ ಅಪಾಯ ತೋರಿಸುವುದು ಒಪ್ಪುವ ಮಾತಲ್ಲ. ಹೊಣೆಗಾರಿಕೆಯ ಪ್ರಶ್ನೆಗೂ ಹೀಗೆಯೇ ಉತ್ತರವಿದೆ. ಬಿಚ್ಚಿದ ಮೋಟಾರಿನ ಅಳತೆಗಳನ್ನು ಜಾಬ್ ಕಾರ್ಡಿನಲ್ಲಿ ಬರೆದರೆ ಹೊಣೆ ಗೊತ್ತಾಗುತ್ತದೆ. ಊಹೆಯಿಂದ ಹೊಸ ಸೆಟ್ ಹಾಕಿದಾಗಲೂ ಬೈಕ್ ಮರುವಾರ ನಿಲ್ಲಬಹುದು, ಏಕೆಂದರೆ ನಿಜವಾದ ದೋಷ ರಿಲೇಯಲ್ಲೋ ಅರ್ತ್ ವೈರಿನಲ್ಲೋ ಹಾಗೆಯೇ ಉಳಿದಿರುತ್ತದೆ.

ಸುರಕ್ಷತೆಯ ಹೆಸರಿನಲ್ಲಿ ಬರುವ ಆಕ್ಷೇಪಣೆ ಇಷ್ಟು ಬಲವಾದುದಲ್ಲ. ಸ್ಟಾರ್ಟರ್ ಮೋಟಾರು ಬ್ರೇಕಿನಂತೆ ಓಡುವಾಗ ಜೀವ ಕಾಯುವ ಭಾಗವಲ್ಲ. ಎಂಜಿನ್ ಎದ್ದ ಮೇಲೆ ಅದರ ಕೆಲಸ ಮುಗಿಯಿತು. ಅದರಲ್ಲಿರುವ ಅಪಾಯ ಶಾರ್ಟ್ ಸರ್ಕ್ಯೂಟಿನದು, ಅದು ಸರಿಯಾದ ಕ್ರಮ ತಿಳಿಸಿದರೆ ತಪ್ಪುವಂಥದ್ದು. ಮಾಹಿತಿ ಮುಚ್ಚಿಟ್ಟರೆ ಜನ ಬಿಚ್ಚುವುದನ್ನು ನಿಲ್ಲಿಸುವುದಿಲ್ಲ, ತಪ್ಪು ಕ್ರಮದಲ್ಲಿ ಬಿಚ್ಚುತ್ತಾರೆ.

ಇನ್ನೊಂದು ವಾದ, ಈ ಚರ್ಚೆಯೇ ಹಳತಾಯಿತು ಎಂಬುದು. ಈಗ ಬರುತ್ತಿರುವ ಕೆಲವು ಸ್ಕೂಟರುಗಳಲ್ಲಿ ಪ್ರತ್ಯೇಕ ಸ್ಟಾರ್ಟರ್ ಮೋಟಾರೇ ಇಲ್ಲ. ಬ್ಯಾಟರಿ ಚಾರ್ಜ್ ಮಾಡುವ ಜನರೇಟರೇ ಕರೆಂಟು ಪಡೆದು ಎಂಜಿನನ್ನು ಸದ್ದಿಲ್ಲದೆ ತಿರುಗಿಸುತ್ತದೆ. 2020ರ ಹೋಂಡಾ ಆಕ್ಟಿವಾ 6ಜಿಯಲ್ಲಿ ಬಂದದ್ದು ಇಂಥದೇ ವ್ಯವಸ್ಥೆ. ಬ್ರಷ್ ಇಲ್ಲ, ಸವೆತ ಇಲ್ಲ. ತಾಂತ್ರಿಕವಾಗಿ ಇದು ನಿಜಕ್ಕೂ ಉತ್ತಮ ಪ್ರಗತಿ, ಅದನ್ನು ಮೆಚ್ಚಬೇಕು. ಆದರೆ ಹಾಗೆಂದು ವಾದ ಹಳತಾಗುವುದಿಲ್ಲ. ರಸ್ತೆಯ ಮೇಲೆ ಬ್ರಷ್ ಮೋಟಾರಿನ ಬೈಕುಗಳು ಕೋಟಿಗಟ್ಟಲೆ ಇವೆ, ಇನ್ನೂ ಬಹಳ ವರ್ಷ ಇರುತ್ತವೆ. ಅದಕ್ಕಿಂತ ಮುಖ್ಯವಾಗಿ, ಬ್ರಷ್ ಇಲ್ಲದ ವ್ಯವಸ್ಥೆಯಲ್ಲೂ ಕನೆಕ್ಟರ್ ತುಕ್ಕು ಹಿಡಿಯುತ್ತದೆ, ಸೆನ್ಸರ್ ಕೆಡುತ್ತದೆ, ವೈರ್ ತುಂಡಾಗುತ್ತದೆ. ಅಲ್ಲಿ ಪೂರ್ತಿ ಘಟಕ ಬದಲಿಸಿದರೆ ಖರ್ಚು ಇನ್ನೂ ಹೆಚ್ಚು, ದೋಷ ಹುಡುಕಲು ಬೇಕಾದ ಮಾಹಿತಿ ಇನ್ನೂ ಗುಟ್ಟಿನದು. ಎಲೆಕ್ಟ್ರಿಕ್ ಸ್ಕೂಟರುಗಳ ವಿಷಯದಲ್ಲಂತೂ ಇದು ಎಷ್ಟೋ ಪಟ್ಟು ಸತ್ಯ. ಎರಡು ಬೋಲ್ಟಿನ ಒಂದು ಮೋಟಾರಿನಲ್ಲೇ ರಿಪೇರಿಯ ಹಕ್ಕನ್ನು ಬಿಟ್ಟುಕೊಟ್ಟ ಸಮಾಜ, ಸಾಫ್ಟ್‌ವೇರಿನ ಬೀಗ ಹಾಕಿದ ಬ್ಯಾಟರಿಯ ಮುಂದೆ ಯಾವ ಹಕ್ಕು ಕೇಳಲು ಸಾಧ್ಯ?

ಕೂಲಿಯ ಲೆಕ್ಕ ಉಳಿದಿದೆ. ಬಿಚ್ಚಿ ಸರಿಮಾಡುವುದಕ್ಕೆ ಹೊತ್ತು ಹಿಡಿಯುತ್ತದೆ, ಆ ಹೊತ್ತಿಗೂ ಬೆಲೆಯಿದೆ, ಕೊನೆಗೆ ಉಳಿತಾಯವೇನು ಎಂದು ಕೇಳುವವರಿದ್ದಾರೆ. ಮೆಕ್ಯಾನಿಕ್‌ಗಳಿಗೆ ಒಳ್ಳೆಯ ಕೂಲಿ ಕೊಟ್ಟರೂ, ಬ್ರಷ್ ಮತ್ತು ಓ-ರಿಂಗಿನ ಕೆಲವು ನೂರು ರೂಪಾಯಿ ಸೇರಿಸಿದರೂ, ಸಾಮಾನ್ಯ ಬೈಕಿನಲ್ಲಿ ಅದು ಹೊಸ ಮೋಟಾರಿನ ಬೆಲೆಯನ್ನು ಮುಟ್ಟುವುದಿಲ್ಲ. ಇನ್ನೂ ಒಂದು ವ್ಯತ್ಯಾಸವಿದೆ, ಅದೇ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು. ಹೊಸ ಮೋಟಾರಿಗೆ ಕೊಟ್ಟ ಹಣದ ಬಹುಪಾಲು ಊರಿನಿಂದ ಹೊರಹೋಗುತ್ತದೆ, ರಿಪೇರಿಗೆ ಕೊಟ್ಟ ಹಣದ ಬಹುಪಾಲು ಊರಿನ ಒಬ್ಬ ಕುಶಲಕರ್ಮಿಯ ಕೈ ಸೇರುತ್ತದೆ. ಐಟಿಐಗಳಲ್ಲಿ ವಾಹನ ರಿಪೇರಿ ಕಲಿತು ಬರುವ ಮಕ್ಕಳಿಗೆ ಮೋಟಾರ್ ಬಿಚ್ಚುವ ಅವಕಾಶವೇ ಸಿಗದೆ, ಡಬ್ಬದಿಂದ ಹೊಸ ಸೆಟ್ ತೆಗೆದು ಹಾಕುವ ಕೆಲಸ ಮಾತ್ರ ಸಿಕ್ಕರೆ, ಅವರು ಕಲಿತದ್ದು ಮರೆಯಲು ಹೆಚ್ಚು ವರ್ಷ ಬೇಕಾಗುವುದಿಲ್ಲ. ಕೌಶಲ ಒಮ್ಮೆ ಹೋದರೆ ದುಡ್ಡು ಸುರಿದು ತರುವುದು ಕಷ್ಟ.

ಆಗಬೇಕಾದ್ದು ಅಸಾಧ್ಯವೇನಲ್ಲ. ಸ್ಟಾರ್ಟರ್ ಮೋಟಾರಿನ ಬ್ರಷ್ ಸೆಟ್, ಬ್ರಷ್ ಪ್ಲೇಟ್, ಸೀಲ್ ಮತ್ತು ಓ-ರಿಂಗಿಗೆ ಪ್ರತ್ಯೇಕ ನಂಬರು, ಪ್ರತ್ಯೇಕ ಬೆಲೆ ಇರಬೇಕು. ಮಾಡೆಲ್ ನಿಂತ ಮೇಲೂ ಕನಿಷ್ಠ ಹತ್ತು ವರ್ಷ ಅವು ಸಿಗುವಂತಿರಬೇಕು. ಬೈಕುಗಳನ್ನು ರಿಪೇರಿ ಸೂಚ್ಯಂಕದ ವ್ಯಾಪ್ತಿಗೆ ತರುವ ಕೆಲಸ ಕೇಂದ್ರದ್ದು. ಗ್ರಾಹಕರ ಕೈಯಲ್ಲೂ ಈಗಲೇ ಒಂದು ಅಸ್ತ್ರವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸಂಬಂಧಪಟ್ಟ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದೂ ಸೇವೆಯ ನ್ಯೂನತೆಯೇ. ಮೋಟಾರ್ ಬದಲಿಸಬೇಕು ಎಂದವರನ್ನು ಬಟನ್ ಒತ್ತಿದಾಗ ಬ್ಯಾಟರಿಯ ವೋಲ್ಟೇಜ್ ಎಷ್ಟಿತ್ತು, ಬ್ರಷ್ ಎಷ್ಟು ಉದ್ದ ಉಳಿದಿತ್ತು ಎಂದು ಕೇಳಿ ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಹಳೆಯ ಮೋಟಾರನ್ನು ಕೈಗೆ ಪಡೆಯಬೇಕು. ಇನ್ನು ರಾಜ್ಯ ಸರ್ಕಾರ ದೆಹಲಿಯ ಕಾನೂನಿಗಾಗಿ ಕಾಯುತ್ತಾ ಕೂರಬೇಕಿಲ್ಲ. ಪೊಲೀಸ್ ಇಲಾಖೆಯೂ ಸೇರಿ ಹಲವು ಇಲಾಖೆಗಳು ಸಾರ್ವಜನಿಕರ ಹಣದಲ್ಲಿ ಬೈಕುಗಳನ್ನು ಖರೀದಿಸುತ್ತವೆ. ಒಳಭಾಗಗಳನ್ನು ಬಿಡಿಯಾಗಿ ಒದಗಿಸುವ, ಸರ್ವಿಸ್ ಮ್ಯಾನ್ಯುಯಲ್ ಕನ್ನಡದಲ್ಲಿ ಕೊಡುವ, ಅದರ ಪ್ರತಿಯನ್ನು ರಾಜ್ಯದ ಐಟಿಐಗಳಿಗೆ ಹಂಚುವ ಕಂಪನಿಯ ಬೈಕನ್ನೇ ಕೊಳ್ಳುತ್ತೇವೆ ಎಂದು ಟೆಂಡರಿನಲ್ಲಿ ಒಂದು ಷರತ್ತು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ. ಮುಂದಿನ ಖರೀದಿಯಿಂದಲೇ ಅದನ್ನು ಜಾರಿಗೆ ತರಬಹುದು.